ಕಾರಿನ ಕೆಂಪು ದೀಪ

ಕಲಾ ವಿಭಾಗದ ಕಾಲೇಜಿನ ಸಂಚಿಕೆಯಲ್ಲಿ ಕಾರಿನ ದೀಪದ ಮಾತೇಕೆಂದು ವಾಚಕರು ಕೇಳಬಹುದು. ಕಾರು ಇಂದು ಸಿರಿವಂತರ ಸೊತ್ತಾಗಿ ಮಾತ್ರ ಉಳಿದಿಲ್ಲ. ಎಷ್ಟೋ ಸಂಸಾರಗಳು ಅದರ ಬಾಡಿಗೆಯಿಂದಲೇ ಬದುಕುತ್ತಿವೆ. ಅಂತಹ ಮನೆಯವರು ಆ ಕೆಂಪು ದೀಪದ ಅರ್ಥವನ್ನು ತಿಳಿದಿರುವುದು ಒಳ್ಳೆಯದು.

ದೀಪದ ಮೇಲೆ ಬ್ಯಾಟರಿಯ ಚಿತ್ರವಿರುತ್ತದೆ. ಆದುದರಿಂದ ಅದು ಹೊತ್ತಿದೊಡನೆ ಬ್ಯಾಟರಿಯೇ ಕೆಟ್ಟಿತೆಂದು ಜನ ಭಾವಿಸುತ್ತಾರೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿಟ್ಟು, ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ರಚಿಸಿದನು. ಇಂದಿನ ಕಾರುಗಳ ಸಾಮಾನ್ಯ 12 ವೋಲ್ಟ್ ಬ್ಯಾಟರಿಯೂ ಅದೇ ವಂಶದ್ದು. ಅದರೊಳಗೆ 6 ಕೋಶಗಳು, ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಆದರೆ ಬ್ಯಾಟರಿಯು ವಿದ್ಯುತ್ತಿನ ಕಣಜವೇ ಹೊರತು ಗದ್ದೆಯಲ್ಲ. ವಿದ್ಯುತ್ತನ್ನು ಬೆಳೆಯುವುದು ಆಲ್ಟರ್ನೇಟರ್. ಎಂಜಿನ್ ತಿರುಗಿದಾಗ ಒಂದು ರಬ್ಬರ್ ಬೆಲ್ಟು ಅದನ್ನೂ ತಿರುಗಿಸುತ್ತದೆ. ಹುಟ್ಟಿದ ವಿದ್ಯುತ್ತು ದೀಪ, ವೈಪರ್ ಮುಂತಾದುವನ್ನು ನಡೆಸಿ ಕಣಜವನ್ನೂ ತುಂಬುತ್ತದೆ. ಓಡುವ ಕಾರಿನಲ್ಲಿ ಕೆಂಪು ದೀಪ ಹೊತ್ತಿತೆಂದರೆ, ಬೆಳೆ ನಿಂತಿದೆ, ಕೂಡಿಟ್ಟ ಕಾಳು ಕರಗುತ್ತಿದೆ ಎಂದೇ ಸಾಮಾನ್ಯವಾಗಿ ಅರ್ಥ.

ಹಳೆಯ ಕಾರುಗಳಲ್ಲಿ ಈ ದೀಪದ ಒಂದು ತುದಿ ಬ್ಯಾಟರಿಯ ಕಡೆಗೂ ಇನ್ನೊಂದು ಆಲ್ಟರ್ನೇಟರಿನ ಕಡೆಗೂ ಇರುತ್ತಿತ್ತು. ಬೀಗದ ಕೈ ತಿರುಗಿಸಿದಾಗ ಒಂದು ಕಡೆ ಮಾತ್ರ ಒತ್ತಡವಿದ್ದುದರಿಂದ ವಿದ್ಯುತ್ತು ಹರಿದು ದೀಪ ಹೊತ್ತುತ್ತಿತ್ತು; ಎಂಜಿನ್ ಹೊರಟು ಎರಡೂ ಕಡೆಯ ಒತ್ತಡ ಸಮನಾದಾಗ ಆರುತ್ತಿತ್ತು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ನೋಡಿಕೊಳ್ಳುತ್ತದೆ. ಎಂಜಿನ್ ಹೊರಡುವ ಮುನ್ನ ದೀಪ ಹೊತ್ತುವುದು ಸಹಜ. ಹೊರಟ ಮೇಲೂ ಆರದಿದ್ದರೆ ವಿಚಾರಿಸಬೇಕು.

ಮನೆಯಲ್ಲೇ ಪರೀಕ್ಷಿಸಲು ಒಂದು ಮಲ್ಟಿಮೀಟರ್ ಸಾಕು. ಅದನ್ನು ನೇರ ವಿದ್ಯುತ್ತಿನ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಕಪ್ಪು ಕಡ್ಡಿಯನ್ನು ಋಣ ತುದಿಗೂ ಮುಟ್ಟಿಸಬೇಕು. ಕೆಲವು ಗಂಟೆ ನಿಂತ ಕಾರಿನಲ್ಲಿ 12.6 ವೋಲ್ಟ್ ಬಂದರೆ ಕಣಜ ತುಂಬಿದೆ. 12ಕ್ಕಿಂತ ಕೆಳಗಿಳಿದರೆ ಬಹುಮಟ್ಟಿಗೆ ಬರಿದಾಗಿದೆ. ಎಂಜಿನ್ ನಡೆಯುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ದೋಷ ಬೆಲ್ಟಿನಲ್ಲೋ, ತಂತಿಯಲ್ಲೋ, ಆಲ್ಟರ್ನೇಟರಿನಲ್ಲೋ ಇದೆ.

ಬಾಡಿಗೆ ಕಾರು ಓಡಿಸುವ ನನ್ನ ಚಿಕ್ಕಪ್ಪನವರಿಗೆ, ಈ ದೀಪ ಹೊತ್ತಿದಾಗ, ಹೊಸ ಬ್ಯಾಟರಿ ಹಾಕಿಸಿರೆಂದು ಇಬ್ಬರು ಸಲಹೆಯಿತ್ತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ನಾನು ಅಳೆದು ನೋಡಿದೆ. ನಿಂತಾಗ 12.5, ಎಂಜಿನ್ ನಡೆಯುವಾಗ 12.3. ಎಂಜಿನ್ ನಿಲ್ಲಿಸಿ ಬೆಲ್ಟನ್ನು ಮುಟ್ಟಿದರೆ ಅದು ಸವೆದು ನುಣುಪಾಗಿ ಸಡಿಲವಾಗಿತ್ತು. ಹೊಸ ಬೆಲ್ಟು ಹಾಕಿಸಿದ ಮೇಲೆ 14.2 ಬಂತು, ದೀಪ ತಾನಾಗಿಯೇ ಆರಿತು. ಬೆಲ್ಟಿನ ಬೆಲೆ ಬ್ಯಾಟರಿಯ ಬೆಲೆಯ ಒಂದು ಸಣ್ಣ ಪಾಲು. ಉಳಿದ ಹಣ ತಂಗಿಯ ಶಾಲೆಯ ಶುಲ್ಕಕ್ಕೆ ಒದಗಿತು.

ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಅಥವಾ ಹಸುರು ಪುಡಿ ಕಟ್ಟಿದ್ದರೆ ಅದನ್ನೂ ತೆಗೆಯಬೇಕು. ಎಂಜಿನ್ ನಿಲ್ಲಿಸಿ, ಮೊದಲು ಋಣ ತುದಿಯ ತಂತಿಯನ್ನು ಬಿಚ್ಚಿ, ಕೊನೆಗೆ ಅದನ್ನೇ ಹಾಕಬೇಕು. ಇಲ್ಲವಾದರೆ ಧನ ತುದಿಯಲ್ಲಿರುವ ಸ್ಪ್ಯಾನರ್ ಕಾರಿನ ಲೋಹಕ್ಕೆ ತಗುಲಿ ಕಿಡಿ ಹಾರುತ್ತದೆ. ಅಡುಗೆ ಸೋಡ ಬೆರೆಸಿದ ಬೆಚ್ಚನೆಯ ನೀರು ಆಮ್ಲವನ್ನು ಶಮನಗೊಳಿಸುತ್ತದೆ. ಅದು ಕೋಶದೊಳಗೆ ಮಾತ್ರ ಹೋಗಬಾರದು. ಬ್ಯಾಟರಿಯಿಂದ ಜಲಜನಕ ಹೊರಡುವುದುಂಟು. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಕೈಗೂ ಕಣ್ಣಿಗೂ ರಕ್ಷಣೆ ಇರಲಿ. ಎಂಜಿನ್ ನಡೆಯುವಾಗ ಬ್ಯಾಟರಿಯ ತಂತಿಯನ್ನು ಎಂದಿಗೂ ಬಿಚ್ಚಬಾರದು; ಒತ್ತಡ ಥಟ್ಟನೆ ಏರಿ ಆಲ್ಟರ್ನೇಟರಿನ ಡಯೋಡುಗಳೂ ಕಂಪ್ಯೂಟರೂ ಸುಟ್ಟುಹೋಗಬಹುದು.

ನಿಂತ ಕಾರಿನ ತಂತಿಯನ್ನು ಬಿಚ್ಚಿ ಹಾಕಿ ದೀಪವನ್ನು ಆರಿಸಲು ಯತ್ನಿಸುವವರೂ ಇದ್ದಾರೆ. ಇದರಿಂದ ಗಡಿಯಾರ, ರೇಡಿಯೋಗಳ ಜೋಡಣೆ ಅಳಿಯುವುದೇ ಲಾಭ! ದೋಷವಿದ್ದಲ್ಲಿ ದೀಪ ಮತ್ತೆ ಹೊತ್ತುತ್ತದೆ. ದೋಷ ಕಳೆದರೆ ಬಹುತೇಕ ಕಾರುಗಳಲ್ಲಿ ತಾನೇ ಆರುತ್ತದೆ.

ದಾರಿಯಲ್ಲಿ ದೀಪ ಹೊತ್ತಿದರೆ ಎ.ಸಿ., ರೇಡಿಯೋಗಳನ್ನು ನಿಲ್ಲಿಸಿ, ಎಂಜಿನ್ ಆರಿಸದೆ ಹತ್ತಿರದ ಊರನ್ನು ಸೇರಬೇಕು. ಆರಿಸಿದರೆ ಮತ್ತೆ ಹೊರಡದೆ ಇರಬಹುದು. ಆದರೆ ಎಂಜಿನ್ನಿನ ಬಿಸಿ ಏರುತ್ತಿದ್ದರೆ ಅಥವಾ ಸ್ಟಿಯರಿಂಗ್ ಭಾರವಾದರೆ ಸುರಕ್ಷಿತವಾದ ಕಡೆ ಕೂಡಲೇ ನಿಲ್ಲಿಸತಕ್ಕದ್ದು. ಅನೇಕ ಕಾರುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ನಡೆಸುತ್ತದೆ. ರಾತ್ರಿ ಚಾರ್ಮಾಡಿಯಂತಹ ಘಾಟಿಯನ್ನು ಇಳಿಯುವ ಮುನ್ನ ಇದನ್ನು ವಿಶೇಷವಾಗಿ ನೆನೆಯಬೇಕು. ಅಲ್ಲಿ ದಾರಿ ತೋರುವ ಹೆಡ್‌ಲೈಟುಗಳೇ ಕಣಜವನ್ನು ಬರಿದು ಮಾಡುತ್ತವೆ.

ಕಾರಿರುವ ಮನೆಯಲ್ಲಿ ಮಲ್ಟಿಮೀಟರ್ ಒಂದಿರಲಿ. ಅಳೆದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅದನ್ನು ಹಿಡಿದು ಗ್ಯಾರೇಜಿಗೆ ಹೋದವನಿಗೆ ಬೇಡದ ಬ್ಯಾಟರಿಯನ್ನು ಮಾರುವುದು ಸುಲಭವಲ್ಲ.