ಬಾಗಿಲ ಕೀಲಿ ಇಂಗ್ಲಿಷಿನ ಕೈಯಲ್ಲಿ

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದ ಪೋಷಕರು ಇಂಗ್ಲಿಷ್ ಶಾಲೆ ಹುಡುಕುವುದು ಬರೀ ವ್ಯಾಮೋಹದಿಂದಲ್ಲ. ನೌಕರಿ, ನ್ಯಾಯಾಲಯ, ಉನ್ನತ ಶಿಕ್ಷಣ ಮೂರರ ಬಾಗಿಲನ್ನೂ ನಾವೇ ಆ ಭಾಷೆಗೆ ಒಪ್ಪಿಸಿಬಿಟ್ಟಿದ್ದೇವೆ.

ಬೆಳಿಗ್ಗೆ ಎಂಟರ ಹೊತ್ತಿಗೆ ಅನ್ನಪೂರ್ಣೇಶ್ವರಿ ನಗರದ ಅಡ್ಡರಸ್ತೆಗಳಲ್ಲಿ ಶಾಲಾ ವ್ಯಾನುಗಳದ್ದೇ ಓಡಾಟ. ಟೈ ಕಟ್ಟಿಕೊಂಡ ಮಗುವಿಗೆ ತಾಯಿ, ‘ವಾಟರ್ ಬಾಟಲ್ ತಗೊಂಡ್ಯಾ ಪುಟ್ಟಾ? ಮಿಸ್‌ಗೆ ಗುಡ್ ಮಾರ್ನಿಂಗ್ ಹೇಳ್ಬೇಕು, ಆಯ್ತಾ?’ ಎನ್ನುತ್ತಾಳೆ. ಹೀಗೆ ಹೇಳುವವರಲ್ಲಿ ಸುಂಕದಕಟ್ಟೆ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ, ಆಟೊ ಓಡಿಸುವವರ ಮನೆಯವರಿದ್ದಾರೆ. ಮನೆಮಾತು ಕನ್ನಡ. ಫೀಸು ಕಟ್ಟಲು ಚೀಟಿ ಎತ್ತಿಯಾದರೂ ಸರಿ, ಮಗು ಇಂಗ್ಲಿಷ್ ಮೀಡಿಯಂನಲ್ಲೇ ಓದಬೇಕು. ಇವರನ್ನು ಭಾಷಾಭಿಮಾನ ಇಲ್ಲದವರು ಎಂದು ದೂರುವುದು ಅನ್ಯಾಯ. ಅಧಿಕಾರ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ.

ನೌಕರಿಯ ಬೆನ್ನು ಹತ್ತಿ ಬಂದ ಭಾಷೆ

ಇಂಗ್ಲಿಷ್ ಇಲ್ಲಿ ಹರಡಿದ್ದು ಷೇಕ್ಸ್‌ಪಿಯರನ ಸೊಗಸಿಗೆ ಮನಸೋತವರಿಂದಲ್ಲ. 1835ರಲ್ಲಿ ಮೆಕಾಲೆ ಇಂಗ್ಲಿಷ್ ಶಿಕ್ಷಣದ ಪರವಾಗಿ ತನ್ನ ಟಿಪ್ಪಣಿ ಬರೆದ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಕೊಡುವ ನಿರ್ಣಯ ಹೊರಡಿಸಿದ. ಟಿಪ್ಪಣಿಗಿಂತ ನೌಕರಿಯ ಆಸೆಯೇ ಹೆಚ್ಚು ಕೆಲಸ ಮಾಡಿತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿದ್ದ ಮೈಸೂರಿನಲ್ಲೂ ಮೇಲಿನ ಹುದ್ದೆಯವರ ಭಾಷೆ ಇಂಗ್ಲಿಷೇ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ನಮ್ಮದೇ ನೆಲದಲ್ಲಿ, ನಮ್ಮದೇ ಮಹಾರಾಜರ ಕಾಲದಲ್ಲಿ ಹುಟ್ಟಿತು. ಪಾಠ ಮಾತ್ರ ಇಂಗ್ಲಿಷಿನಲ್ಲಿ ನಡೆಯಿತು.

ಇಲ್ಲೇ ಕಲಾಗ್ರಾಮ, ಇಲ್ಲೇ ಲಾ ಸ್ಕೂಲ್

ಅನ್ನಪೂರ್ಣೇಶ್ವರಿ ನಗರದ ಪಕ್ಕದಲ್ಲೇ ಮಲ್ಲತ್ತಹಳ್ಳಿಯ ಕಲಾಗ್ರಾಮ. 2013ರಲ್ಲಿ ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪ, 2014ರಲ್ಲಿ ಸಾಹಿತಿ ಯು.ಆರ್. ಅನಂತಮೂರ್ತಿ ಅವರ ಅಂತ್ಯಕ್ರಿಯೆ ನಡೆದ ಜಾಗ ಅದು. ಅನಂತಮೂರ್ತಿ ಹೊಟ್ಟೆಪಾಡಿಗೆ ಇಂಗ್ಲಿಷ್ ಕಲಿಸಿದರು, ಕನ್ನಡದಲ್ಲಿ ಬರೆದರು. ಬಡವರ, ಬಲ್ಲಿದರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಕಲಿಯುವ ಸಮಾನ ಶಾಲೆಗಾಗಿ ವಾದಿಸಿದರು.

ಅಲ್ಲಿಂದ ಸ್ವಲ್ಪವೇ ದೂರ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ. ಅದರ ಪದವಿ ಪ್ರವೇಶಕ್ಕೆ ಬರೆಯಬೇಕಾದ ‘ಕ್ಲಾಟ್’ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ. ಸಂವಿಧಾನದ 348ನೇ ವಿಧಿಯಂತೆ ನಮ್ಮ ಹೈಕೋರ್ಟಿನ ವ್ಯವಹಾರವೂ ಇಂಗ್ಲಿಷಿನಲ್ಲೇ. ರಾಷ್ಟ್ರಪತಿಯ ಒಪ್ಪಿಗೆ ಪಡೆದು ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶಗಳು ಹೈಕೋರ್ಟಿನಲ್ಲಿ ಹಿಂದಿ ಬಳಸುತ್ತಿವೆ. ಕನ್ನಡಕ್ಕೆ ಆ ಅವಕಾಶ ಇನ್ನೂ ಸಿಕ್ಕಿಲ್ಲ. ಹೊಲದ ವ್ಯಾಜ್ಯಕ್ಕೆ ವರ್ಷಗಟ್ಟಲೆ ಅಲೆದ ರೈತ ಹೈಕೋರ್ಟಿನಲ್ಲಿ ಗೆದ್ದನೋ ಸೋತನೋ ಎಂಬುದನ್ನು ವಕೀಲರ ಬಾಯಿಂದಲೇ ಕೇಳಿ ತಿಳಿಯಬೇಕು.

ಕನ್ನಡದ ಹುದ್ದೆಗೂ ಇಂಗ್ಲಿಷಿನದೇ ಪ್ರಶ್ನೆ

ವಿಜಯನಗರ, ಚಂದ್ರಾ ಲೇಔಟ್ ಕಡೆ ಹೋದರೆ ಕೋಚಿಂಗ್ ಸೆಂಟರುಗಳ, ಪಿ.ಜಿ.ಗಳ ಸಾಲು. ಕಲಬುರಗಿ, ರಾಯಚೂರು, ವಿಜಯಪುರದಿಂದ ಬಂದ ಹುಡುಗ ಹುಡುಗಿಯರು ನಡುರಾತ್ರಿಯವರೆಗೆ ಕೂತು ಓದುತ್ತಾರೆ. ಎಷ್ಟೋ ಮಂದಿ ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳಲ್ಲಿ ತಪ್ಪುಗಳೋ ತಪ್ಪುಗಳು. ಅಭ್ಯರ್ಥಿಗಳು ಬೀದಿಗಿಳಿದ ಮೇಲೆ ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ಹಣೆಬರಹ. ಕನ್ನಡ ನಾಡಿನ ಅಧಿಕಾರಿಯಾಗಲು ಹೊರಟವರಿಗೆ ಕನ್ನಡದಲ್ಲಿ ಓದಿದ್ದೇ ತೊಡಕಾಯಿತು. ಇದನ್ನು ಕಂಡ ಮೇಲೂ ಮಗುವನ್ನು ಕನ್ನಡ ಶಾಲೆಗೆ ಸೇರಿಸಿ ಎಂದು ಯಾವ ಮುಖ ಹೊತ್ತು ಹೇಳುವುದು?

ಆದೇಶಗಳ ಸೋಲು

ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ 1982ರ ಗೋಕಾಕ್ ಚಳವಳಿಗೆ ಇಡೀ ನಾಡೇ ಎದ್ದು ನಿಂತಿತ್ತು. 1994ರ ಭಾಷಾ ನೀತಿ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡ ಮಾಧ್ಯಮವನ್ನು ಕಡ್ಡಾಯ ಮಾಡಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮದ ಆಯ್ಕೆ ಪೋಷಕರದ್ದು, ಮಾತೃಭಾಷಾ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಾಗ ಸಾಹಿತಿಗಳು ವಿರೋಧಿಸಿದರು. ದಲಿತ ಚಿಂತಕರಲ್ಲಿ ಹಲವರು ಬೇರೆಯದೇ ಪ್ರಶ್ನೆ ಎತ್ತಿದರು: ಉಳ್ಳವರ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಿರುವಾಗ ಕನ್ನಡ ಉಳಿಸುವ ಹೊಣೆ ಬಡವರ ಮಕ್ಕಳ ಹೆಗಲಿಗೆ ಮಾತ್ರ ಯಾಕೆ? ಈ ಪ್ರಶ್ನೆಗೆ ನಾವು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ಬೇಕಾದ ಕಾನೂನೇ. ಆದರೆ ಕನ್ನಡ ಹೊರಗಿನ ಬೋರ್ಡಿನಲ್ಲಿದ್ದರೆ ಸಾಲದು, ಒಳಗೆ ಸಂಬಳ ಕೊಡುವ ಕಡೆಯೂ ಇರಬೇಕು. ಕೆಪಿಎಸ್‌ಸಿ ಪ್ರಶ್ನೆಗಳು ಮೊದಲು ಕನ್ನಡದಲ್ಲೇ ಸಿದ್ಧವಾಗಲಿ. ಹೈಕೋರ್ಟಿನಲ್ಲಿ ಕನ್ನಡದ ಬಳಕೆಗೆ ರಾಜ್ಯ ಸರ್ಕಾರ ಪಟ್ಟು ಹಿಡಿಯಲಿ. ಸರ್ಕಾರಿ ಶಾಲೆಯ ಪ್ರತಿ ಮಗುವಿಗೂ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಮೇಷ್ಟ್ರು ಸಿಗಲಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಮನೆ ಬಾಗಿಲಿಗೆ ಬಂದವರನ್ನು ಈ ಮೂರು ಮಾತು ಕೇಳಿ. ಉತ್ತರ ಕೊಡದವರಿಗೆ ಮತ ಕೊಡಬೇಡಿ.