ಆರಿದ್ರಾ ಮಳೆ ಬರುವಾಗ ಆರಿದ್ರಾ ನಕ್ಷತ್ರ ಎಲ್ಲಿರುತ್ತೆ?

ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ, ಅಥವಾ ರಜೆಗೆ ಬಂದ ಅಕ್ಕನ ಮಗಳೋ ಅಣ್ಣನ ಮಗನೋ ಇದ್ದರೆ, ಈ ಪ್ರಶ್ನೆ ಕೇಳಿ ನೋಡಿ. ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಶುರು ಅಂತ ಕ್ಯಾಲೆಂಡರಿನಲ್ಲಿ ಇರುತ್ತೆ. ಆ ರಾತ್ರಿ ಆಕಾಶದಲ್ಲಿ ಒಂದು ಚೂರೂ ಮೋಡ ಇಲ್ಲ ಅಂದುಕೊಳ್ಳಿ. ಆರಿದ್ರಾ ನಕ್ಷತ್ರ ಎಲ್ಲಿ ಕಾಣುತ್ತೆ?

ಎಲ್ಲೂ ಕಾಣಲ್ಲ. ಮಳೆಗೆ ಆ ಹೆಸರು ಬಂದಿರೋದೇ ಆಗ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿ ಇರೋದರಿಂದ. ಸೂರ್ಯನ ಜೊತೆ ಹುಟ್ಟುತ್ತೆ, ಸೂರ್ಯನ ಜೊತೆ ಮುಳುಗುತ್ತೆ. ಹಗಲೆಲ್ಲ ನಮ್ಮ ತಲೆಯ ಮೇಲೇ ಇದ್ದರೂ ಬಿಸಿಲಿನಲ್ಲಿ ಕಾಣಿಸುವುದಿಲ್ಲ.

ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ಅರ್ಥ ಆಗೋದು ಕಷ್ಟ. ಊಟದ ಟೇಬಲ್ ಮಧ್ಯೆ ಒಂದು ದೀಪ ಇಡಿ, ಅದು ಸೂರ್ಯ. ಮಗು ಭೂಮಿ. ಟಿವಿ, ಫ್ರಿಜ್, ಕಿಟಕಿ, ದೇವರ ಫೋಟೋ ಎಲ್ಲ ನಕ್ಷತ್ರಗಳು. ಮಗು ಟೇಬಲ್ ಸುತ್ತ ನಿಧಾನಕ್ಕೆ ನಡೆಯಲಿ. ಒಂದು ಕಡೆ ನಿಂತಾಗ ದೀಪದ ಹಿಂದೆ ಟಿವಿ ಇರುತ್ತೆ, ಅಂದರೆ ಈಗ ‘ಟಿವಿ ಮಳೆ’! ದೀಪಕ್ಕೆ ಬೆನ್ನು ಮಾಡಿದರೆ ಕಾಣುವುದು ರಾತ್ರಿಯ ಆಕಾಶ, ಅಲ್ಲಿ ಟಿವಿ ಇಲ್ಲ. ಅರ್ಧ ಸುತ್ತು ಹೋದ ಮೇಲೆ ಬೆನ್ನು ಮಾಡಿದರೆ ಟಿವಿ ಎದುರಿಗೇ ಬರುತ್ತೆ. ಜೂನ್‌ನಲ್ಲಿ ಕಾಣದ ಆರಿದ್ರೆ ಡಿಸೆಂಬರ್‌ನಲ್ಲಿ ರಾತ್ರಿಯಿಡೀ ಕಾಣುವುದು ಹೀಗೆ.

ಈ ದಾರಿಯನ್ನು ನಮ್ಮವರು 27 ಭಾಗ ಮಾಡಿದ್ದಾರೆ. ಒಂದೊಂದು ಭಾಗ 13 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಸೂರ್ಯನಿಗೆ ಒಂದು ಭಾಗ ದಾಟಲು 13-14 ದಿನ ಬೇಕು, ಚಂದ್ರನಿಗೆ ಸುಮಾರು ಒಂದು ದಿನ ಸಾಕು. ನೀವು ಹುಟ್ಟಿದಾಗ ಚಂದ್ರ ಯಾವ ಭಾಗದಲ್ಲಿದ್ದನೋ ಅದು ನಿಮ್ಮ ಜನ್ಮ ನಕ್ಷತ್ರ. ದೇವಸ್ಥಾನದ ಅರ್ಚನೆ ಚೀಟಿಯಲ್ಲಿ ನಾವೆಲ್ಲ ಬರೆಸುತ್ತೇವಲ್ಲ, ಅದೇ. ಬರೆಸಿದವರಲ್ಲಿ ಎಷ್ಟು ಜನ ಅದನ್ನು ಆಕಾಶದಲ್ಲಿ ನೋಡಿದ್ದಾರೆ? ಜಾತಕ ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಆದರೆ ಹೆಸರು ಬಾಯಿಪಾಠ ಇದ್ದು ಒಮ್ಮೆಯೂ ತಲೆಯೆತ್ತಿ ನೋಡದೇ ಇರೋದು ನನಗಂತೂ ನಷ್ಟ ಅನ್ನಿಸುತ್ತೆ.

ನೋಡೋದು ಕಷ್ಟವೇನಲ್ಲ. ಜನವರಿ ಮಧ್ಯದಲ್ಲಿ ರಾತ್ರಿ 8 ಗಂಟೆಗೆ ತಾರಸಿಗೆ ಹೋಗಿ ಆಗ್ನೇಯಕ್ಕೆ ಮುಖ ಮಾಡಿ ನಿಲ್ಲಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಬೆಂಗಳೂರಿನ ದೀಪಗಳ ನಡುವೆಯೂ ಕಾಣುತ್ತವೆ. ಅದು ಮಹಾವ್ಯಾಧನ, ಅಂದರೆ ಓರಿಯನ್‌ನ ಸೊಂಟದ ಪಟ್ಟಿ. ಅದರ ಎಡಕ್ಕೆ ಕೆಂಪಗಿರುವುದೇ ಆರಿದ್ರೆ, ಇಂಗ್ಲಿಷಿನ ಬೀಟಲ್‌ಜ್ಯೂಸ್. ನಮ್ಮ ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗುವಷ್ಟು ದೊಡ್ಡದು. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಇದು ಇದ್ದಕ್ಕಿದ್ದಂತೆ ಮಂಕಾಗಿ, ಸಿಡಿದೇ ಹೋಗುತ್ತೇನೋ ಅಂತ ಸುದ್ದಿಯಾಗಿತ್ತು. ಅದು ತಾನೇ ಹೊರಗೆ ಉಗುಳಿದ ಅನಿಲ ತಣಿದು ಧೂಳಾಗಿ ಅಡ್ಡ ಬಂದಿತ್ತು, ಅಷ್ಟೇ.

ಈಗ ಆ ಮೂರು ನಕ್ಷತ್ರದ ಸಾಲನ್ನು ಕೆಳಕ್ಕೆ ಎಳೆಯಿರಿ, ಥಳಥಳ ಹೊಳೆಯುವ ಲುಬ್ಧಕ ಸಿಗುತ್ತೆ. ಮೇಲಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮುಂದೆ ಹೋದರೆ ಪುಟ್ಟ ಗೊಂಚಲಿನಂಥ ಕೃತ್ತಿಕೆ. ಗ್ರೀಕರು ಇಲ್ಲಿ ಬೇಟೆಗಾರನನ್ನು ಕಂಡರು. ನಮ್ಮ ಹಳೆಯ ಕಥೆಯಲ್ಲಿ ಅದೇ ಗುಂಪು ಜಿಂಕೆ, ಮೃಗಶಿರ ಅದರ ತಲೆ, ಮೂರು ನಕ್ಷತ್ರ ಅದಕ್ಕೆ ನಾಟಿದ ಬಾಣ, ಬಿಟ್ಟವನು ಲುಬ್ಧಕ.

ಚಿತ್ರ ಯಾರದಾದರೂ ಇರಲಿ, ಆ ಸಾಲು ನಮ್ಮ ಕಣ್ಣಿಗೆ ಮಾತ್ರ ಸಾಲು. ಲುಬ್ಧಕ ಇರೋದು 8.6 ಜ್ಯೋತಿರ್ವರ್ಷ ದೂರದಲ್ಲಿ. ಮೂರನೇ ಕ್ಲಾಸಿನ ಮಗು ಇವತ್ತು ನೋಡುವ ಬೆಳಕು ಹೆಚ್ಚುಕಡಿಮೆ ಅದು ಹುಟ್ಟಿದಾಗ ಅಲ್ಲಿಂದ ಹೊರಟಿದ್ದು. ರೋಹಿಣಿ 65 ಜ್ಯೋತಿರ್ವರ್ಷ, ಅಜ್ಜ ಚಿಕ್ಕವರಿದ್ದಾಗಿನ ಬೆಳಕು. ಕೃತ್ತಿಕೆ ಸುಮಾರು 440. ಅಲ್ಲಿಂದ ಬೆಳಕು ಹೊರಟಾಗ 1565ರ ತಾಳಿಕೋಟೆ ಯುದ್ಧ ಮುಗಿದು ಇನ್ನೂ ಒಂದೆರಡು ದಶಕ ಆಗಿತ್ತು.

ಇನ್ನೊಂದು ವಿಷಯ ಹೈಸ್ಕೂಲ್ ಮಕ್ಕಳಿಗೆ ಹೇಳಬಹುದು. ಭೂಮಿ ಬುಗುರಿಯ ಹಾಗೆ ತಲೆ ತೂಗುತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದ ಮಳೆ ನಕ್ಷತ್ರಗಳು ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತವೆ. ಪಂಪನ ಕಾಲದಲ್ಲಿ, ಅಂದರೆ 10ನೇ ಶತಮಾನದಲ್ಲಿ, ವರ್ಷದ ಅತಿ ದೀರ್ಘ ಹಗಲು ಬರುವ ಹೊತ್ತಿಗೆ ಆರಿದ್ರೆ ಮುಗಿದು ಪುನರ್ವಸು ಶುರುವಾಗುತ್ತಿತ್ತು. ಈಗ ಅದೇ ಹೊತ್ತಿಗೆ ಆರಿದ್ರೆ ಶುರು. ‘ಭರಣಿ ಮಳೆ ಧರಣಿ ಬೆಳೆ’ ಅನ್ನೋ ಗಾದೆ ಹಾಗೇ ಇದೆ, ಭರಣಿ ಮಾತ್ರ ಋತುವಿನ ಲೆಕ್ಕದಲ್ಲಿ ಮೆಲ್ಲಗೆ ಜಾರುತ್ತಾ ಇದೆ.

ಫೋನಿನಲ್ಲಿ ಸ್ಟೆಲ್ಲೇರಿಯಮ್ ಆ್ಯಪ್ ಇದ್ದರೆ ಒಳ್ಳೆಯದು, ಆದರೆ ಹೆಸರು ಗೊತ್ತಾದ ಮೇಲೆ ಫೋನ್ ಜೇಬಿಗೆ ಹಾಕಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸುಮಾರು 20 ನಿಮಿಷ ಬೇಕು. ಒಂದು ನೋಟಿಫಿಕೇಶನ್ ಬಂದರೆ ಮತ್ತೆ ಮೊದಲಿಂದ ಕಾಯಬೇಕು.

ಜನವರಿವರೆಗೆ ಕಾಯುವ ತಾಳ್ಮೆ ಇಲ್ಲದವರು ಆಗಸ್ಟ್ ಮೊದಲ ವಾರ ಬೆಳಗಿನ ಜಾವ 5 ಗಂಟೆಗೆ ಎದ್ದು ಪೂರ್ವಕ್ಕೆ ನೋಡಿ. ಮೋಡ ದಾರಿ ಬಿಟ್ಟರೆ ಆರಿದ್ರೆ ಸೂರ್ಯನಿಂದ ಬಿಡಿಸಿಕೊಂಡು ಅಷ್ಟರಲ್ಲಿ ಮೇಲೆ ಬಂದಿರುತ್ತೆ, ಕೆಂಪಗೆ.