ಒತ್ತಕ್ಷರ ಮೂಡದ ಕೀಲಿಮಣೆ

ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸದಲ್ಲಿ ವ್ಯಂಜನಕ್ಕೆ ವ್ಯಂಜನವನ್ನು ಬೆಸೆಯುವ ಹೊಣೆ ಎಫ್ ಕೀಲಿಯದು. ಆದುದರಿಂದ ಅದೊಂದು ಮೂಕವಾದೊಡನೆ ‘ಪುಸ್ತಕ’ವು ‘ಪುಸತಕ’ವಾಗಿಯೂ ‘ಅಕ್ಷರ’ವು ‘ಅಕಷರ’ವಾಗಿಯೂ ತೆರೆಯ ಮೇಲೆ ಮೂಡತೊಡಗುತ್ತವೆ. ನನ್ನ ಮೇಜಿನ ಮೇಲೆ ಚಹಾದ ಲೋಟ ಉರುಳಿದ ಮರುದಿನ ಇದೇ ಸಂಭವಿಸಿತು.

ಕೀಲಿಮಣೆಯೇ ಪೂರ್ತಿಯಾಗಿ ನಿಶ್ಚೇಷ್ಟಿತವಾಗಿದ್ದರೆ ಮೊದಲು ನಮ್ ಲಾಕ್ ಒತ್ತಿ ನೋಡಬೇಕು. ಅಲ್ಲಿಯ ಪುಟ್ಟ ದೀಪವನ್ನು ಮಣೆಯು ಸಾಮಾನ್ಯವಾಗಿ ತಾನೇ ಹೊತ್ತಿಸುವುದಿಲ್ಲ. ಒತ್ತಿದ ವಾರ್ತೆ ಕಂಪ್ಯೂಟರನ್ನು ಮುಟ್ಟಿ, ಅಲ್ಲಿಂದ ಅಪ್ಪಣೆ ಮರಳಿದ ಬಳಿಕವೇ ಅದು ಬೆಳಗುವುದು. ದೀಪ ಹೊತ್ತಿ ಆರಿದರೆ ತಂತಿಯೂ ಯುಎಸ್‌ಬಿ ಕಿಂಡಿಯೂ ಕ್ಷೇಮವೆಂದು ತಿಳಿಯಬಹುದು. ಇಲ್ಲವಾದರೆ ಕಿಂಡಿಯನ್ನು ಬದಲಿಸಿ, ಆಮೇಲೆ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಪರೀಕ್ಷಿಸಬೇಕು. ದೀರ್ಘಕಾಲ ಒತ್ತಿದರೆ ಮಾತ್ರ ಅಕ್ಷರ ಮೂಡುವಂತಿದ್ದರೆ ಅದು ಯಂತ್ರದ ರೋಗವೇ ಅಲ್ಲ: ವಿಂಡೋಸಿನಲ್ಲಿ ಬಲಗಡೆಯ ಶಿಫ್ಟ್ ಅನ್ನು 8 ಸೆಕೆಂಡು ಅದುಮಿ ಹಿಡಿದು, ಆಗ ತೋರುವ ಪ್ರಶ್ನೆಗೆ ಸಮ್ಮತಿಸಿದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಜಾಗೃತವಾಗಿ, ಕ್ಷಣಿಕ ಸ್ಪರ್ಶಗಳನ್ನೆಲ್ಲ ಉಪೇಕ್ಷಿಸುತ್ತದೆ.

ಕೆಲವೇ ಕೀಲಿಗಳು ಕೆಟ್ಟಾಗ ಯಾವುವು ಒಟ್ಟಿಗೆ ಕೆಟ್ಟಿವೆ ಎಂಬುದನ್ನು ಗಮನಿಸುವುದೇ ನಿಜವಾದ ನಿದಾನಕ್ರಮ. 104 ಕೀಲಿಗಳಿಗೂ ಒಂದೊಂದು ತಂತಿಯನ್ನೆಳೆಯುವುದು ದುಸ್ಸಾಧ್ಯವಾದ ಕಾರಣ, ಊರಿನ ಉದ್ದಬೀದಿ ಅಡ್ಡಬೀದಿಗಳಂತೆ, 18 ಗೆರೆಗಳನ್ನು 8 ಗೆರೆಗಳು ಛೇದಿಸುವ ಜಾಲವೊಂದನ್ನು ಹೆಣೆದರೆ 26 ಗೆರೆಗಳಿಂದಲೇ 144 ಸಂಧಿಗಳು ದೊರೆಯುತ್ತವೆ. ಪ್ರತಿ ಸಂಧಿಯೂ ಒಂದು ಕೀಲಿಯ ನೆಲೆಯಾಗಬಲ್ಲುದು. ಒಳಗಿನ ಚಿಕ್ಕ ಚಿಪ್ ಬಿಡುವಿಲ್ಲದೆ ಗೆರೆಯಿಂದ ಗೆರೆಗೆ ಸಂಕೇತ ಕಳುಹಿಸುತ್ತ, ಎಲ್ಲಿ ಸ್ಪರ್ಶವಾಯಿತೆಂದು ವಿಚಾರಿಸುತ್ತಿರುತ್ತದೆ. ಎಂತಲೇ ಒಂದು ಗೆರೆ ತುಂಡಾದರೆ ಅದರ ಮೇಲಿನ ಕೀಲಿಗಳೆಲ್ಲ ಒಟ್ಟಿಗೆ ಸಾಯುವುವು. ಹಲವು ಮಣೆಗಳಲ್ಲಿ ಎಫ್‌ಗೂ ಆರ್‌ಗೂ ಒಂದು ಗೆರೆ ಸಮಾನ. ನನ್ನ ‘ಅಕಷರ’ದಲ್ಲಿ ರಕಾರವು ಯಥಾವತ್ತಾಗಿ ಮೂಡಿದುದರಿಂದ, ಗೆರೆ ಅಖಂಡವಾಗಿದೆ, ದೋಷವಿರುವುದು ಆ ಒಂದು ಸಂಧಿಯಲ್ಲೇ ಎಂದು ಊಹಿಸಿದೆನು.

ತಂತಿಯನ್ನು ಕಿತ್ತಿಟ್ಟು, ಬೆನ್ನಿನ ಸ್ಕ್ರೂಗಳನ್ನು ಬಿಚ್ಚಿದೆ. ರಬ್ಬರಿನ ಪುಟ್ಟ ಗುಮ್ಮಟಗಳ ಹಾಸಿನ ಕೆಳಗೆ ಪಾರದರ್ಶಕವಾದ ಮೂರು ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಮಲಗಿದ್ದವು. ಮೇಲಿನದರಲ್ಲೂ ಕೆಳಗಿನದರಲ್ಲೂ ಬೆಳ್ಳಿಯ ಮಸಿಯಿಂದ ಅಚ್ಚೊತ್ತಿದ ಗೆರೆಗಳು, ನಡುವಿನದರಲ್ಲಿ ಬರಿಯ ರಂಧ್ರಗಳು. ಕೀಲಿಯನ್ನೊತ್ತಿದಾಗ ಮೇಲಿನ ಹಾಳೆ ಬಾಗಿ ರಂಧ್ರದ ಮೂಲಕ ಕೆಳಗಿನದನ್ನು ಮುಟ್ಟಬೇಕು. ಎಫ್‌ನ ರಂಧ್ರದಲ್ಲಿ ಒಣಗಿದ ಚಹಾದ ಸಕ್ಕರೆ ಕಂದು ಪೊರೆಯಾಗಿ ಕಟ್ಟಿಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ಮೆಲ್ಲನೆ ಒರೆಸಿದೆ. ಉಜ್ಜಿದರೆ ಬೆಳ್ಳಿಯ ಗೆರೆಯೇ ಅಳಿಸಿಹೋಗುವ ಭಯವುಂಟು. ಗೆರೆಯೇ ಕಡಿದಿದ್ದರೆ ಬೆಸುಗೆಯ ಕಾವಿಗೆ ಹಾಳೆ ಕರಗುವುದರಿಂದ, ವಿದ್ಯುತ್ ಹರಿಯಬಲ್ಲ ಬೆಳ್ಳಿಬಣ್ಣವನ್ನು ಕುಂಚದ ತುದಿಯಿಂದ ಸವರಿ ಕೂಡಿಸಬೇಕಾಗುತ್ತಿತ್ತು.

ಹಾಳೆಗಳು ಚೆನ್ನಾಗಿ ಆರಿದ ಮೇಲೆ, ಸಂಜೆ ಎಲ್ಲವನ್ನೂ ಮರಳಿ ಜೋಡಿಸಿ ‘ಪುಸ್ತಕ’ವೆಂದು ಬೆರಳಚ್ಚಿಸಿದೆ, ಸಕಾರದ ಕೆಳಗೆ ತಕಾರದ ಒತ್ತು ಬಂದು ಕುಳಿತಿತು.